ಭಾಷೆ ಯಾವುದೆಂದು ಗೊತ್ತಿಲ್ಲದಾಗ ಭಾಷೆಯ ಕೋಡ್ ಏನಾಗಿರಬೇಕು?

ಪುಸ್ತಕದ ವಿವರವೋ, ವೀಡಿಯೊ ಫೈಲೋ, ರೋಗಿಯ ದಾಖಲೆಯೋ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ಅದರ ಜೊತೆ ಭಾಷೆಯ ಕೋಡ್ ಕೂಡ ಹೋಗುತ್ತದೆ. ಎರಡೋ ಮೂರೋ ಅಕ್ಷರ, ಅಷ್ಟೇ. ಆದರೆ ಯಾವ ಫಾಂಟ್ ಬಳಸಬೇಕು, ತೆರೆ ಓದುವ ಸಾಫ್ಟ್‌ವೇರ್ ಯಾವ ಭಾಷೆಯ ದನಿಯಲ್ಲಿ ಓದಬೇಕು, ಹುಡುಕಾಟದಲ್ಲಿ ಪದದ ಮೂಲರೂಪವನ್ನು ಹೇಗೆ ತೆಗೆಯಬೇಕು, ಯಾವ ಸಬ್‌ಟೈಟಲ್ ತಾನಾಗಿ ಆನ್ ಆಗಬೇಕು ಎಂಬುದೆಲ್ಲ ಆ ಕೋಡ್ ನೋಡಿಯೇ ತೀರ್ಮಾನವಾಗುತ್ತದೆ.

ಭಾಷೆ ಗೊತ್ತಿದ್ದರೆ ಇದರಲ್ಲಿ ಹೆಚ್ಚಿನ ತೊಡಕಿಲ್ಲ. ಗೊತ್ತಿಲ್ಲದಾಗ ಮೊದಲನೆಯವರು ಕೋಡ್ ಬರೆಯುವ ಫೀಲ್ಡನ್ನು ಖಾಲಿ ಬಿಡುತ್ತಾರೆ, ಎರಡನೆಯವರ ಪ್ರೋಗ್ರಾಂ ಆ ಖಾಲಿಯನ್ನು ಇಂಗ್ಲಿಷ್ ಎಂದು ಓದಿಕೊಳ್ಳುತ್ತದೆ, ಮೂರನೆಯವರಿಗೆ ಅದು ಯಾರೋ ನೋಡಿ ಬರೆದ ಮಾಹಿತಿಯಂತೆಯೇ ಕಾಣುತ್ತದೆ. ಆಮೇಲೆ ನಿಜವಾದ ಇಂಗ್ಲಿಷ್ ದಾಖಲೆಗಳ ನಡುವೆ ಕಲೆತುಹೋದ ಇವನ್ನು ಹೆಕ್ಕಿ ತೆಗೆಯಲು ದಾರಿಯೇ ಇರುವುದಿಲ್ಲ. ‘ಗೊತ್ತಿಲ್ಲ’ ಎಂಬುದೂ ಒಂದು ಮಾಹಿತಿಯೇ. ಅದನ್ನು ಹಾಗೆಯೇ ದಾಟಿಸಬೇಕು.

ಈ ಲೇಖನದಲ್ಲಿ ಕೋಡ್‌ಗಳ ರೋಮನ್ ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸಿದಂತೆ ಕನ್ನಡದಲ್ಲಿ ಬರೆಯಲಾಗಿದೆ: ಕನ್ನಡದ ಎರಡಕ್ಷರದ ಕೋಡ್ ಕೆಎನ್, ಮೂರಕ್ಷರದ್ದು ಕೆಎಎನ್, ಇಂಗ್ಲಿಷಿನದು ಇಎನ್.

ನಾಲ್ಕು ವಿಶೇಷ ಕೋಡ್‌ಗಳು

ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್‌ಒ) 1998ರ ಐಎಸ್‌ಒ 639-2 ಮಾನಕ ಮೂರಕ್ಷರದ ಕೋಡ್‌ಗಳನ್ನು ಕೊಡುತ್ತದೆ. ಅದರ ಪಟ್ಟಿಯಲ್ಲಿ ಯಾವ ಭಾಷೆಯನ್ನೂ ಹೆಸರಿಸದ ನಾಲ್ಕು ಕೋಡ್‌ಗಳಿವೆ. ಯುಎನ್‌ಡಿ ಎಂದರೆ ಇಲ್ಲಿ ಭಾಷೆಯೊಂದು ಇದೆ, ಯಾವುದೆಂದು ತೀರ್ಮಾನವಾಗಿಲ್ಲ. ಎಂಐಎಸ್ ಎಂದರೆ ಯಾವ ಭಾಷೆ ಎಂದು ಗೊತ್ತು, ಆದರೆ ಈ ಪಟ್ಟಿಯಲ್ಲಿ ಅದಕ್ಕೆ ಕೋಡ್ ಇಲ್ಲ. ಎಂಯುಎಲ್ ಎಂದರೆ ಒಂದಕ್ಕಿಂತ ಹೆಚ್ಚು ಭಾಷೆಗಳಿವೆ. ಝಡ್‌ಎಕ್ಸ್‌ಎಕ್ಸ್ ಎಂದರೆ ಭಾಷೆಯೇ ಇಲ್ಲ: ಬರೀ ವಾದ್ಯಸಂಗೀತ, ಬರಹವಿಲ್ಲದ ಚಿತ್ರ, ಯಂತ್ರದ ಅಳತೆಗಳ ಪಟ್ಟಿ ಇಂಥವು. ಇವುಗಳ ಜೊತೆಗೆ ಕ್ಯೂಎಎಯಿಂದ ಕ್ಯೂಟಿಝಡ್‌ವರೆಗಿನ 520 ಕೋಡ್‌ಗಳನ್ನು ಖಾಸಗಿ ಬಳಕೆಗೆ ಮೀಸಲಿಡಲಾಗಿದೆ. ಕಳಿಸುವವರೂ ಪಡೆಯುವವರೂ ಮಾತಾಡಿಕೊಂಡು ಇವಕ್ಕೆ ಅರ್ಥ ಕೊಟ್ಟುಕೊಳ್ಳಬಹುದು.

ಹೆಚ್ಚಿನ ಗೊಂದಲ ಯುಎನ್‌ಡಿ ಮತ್ತು ಎಂಐಎಸ್ ನಡುವೆ. ಬಂದ ಕೋಡ್ ತಮ್ಮ ಪಟ್ಟಿಯಲ್ಲಿ ಸಿಗದಿದ್ದರೆ ಸಾಕು, ಹಲವು ಪ್ರೋಗ್ರಾಂಗಳು ಎಂಐಎಸ್ ಎಂದು ಬರೆದುಬಿಡುತ್ತವೆ. ಅದು ತಪ್ಪು. ಎಂಐಎಸ್ ಬರೆಯಬೇಕಾದರೆ ಯಾರಾದರೂ ಭಾಷೆಯನ್ನು ಗುರುತಿಸಿರಬೇಕು. ಬಂದ ಕೋಡ್ ನಮಗೆ ಅರ್ಥವಾಗಲಿಲ್ಲ ಎನ್ನುವ ಸಂದರ್ಭಕ್ಕೆ ಯುಎನ್‌ಡಿಯೇ ಸರಿ.

ಎಂಐಎಸ್‌ಗೆ ಇನ್ನೊಂದು ದೋಷವಿದೆ: ಅದರ ಅರ್ಥ ಕಾಲ ಕಳೆದಂತೆ ಜಾರುತ್ತದೆ. ಇಂದು ಕೋಡ್ ಇಲ್ಲದ ಭಾಷೆಗೆ ಮುಂದಿನ ವರ್ಷ ಕೋಡ್ ಸಿಕ್ಕರೆ, ಆವರೆಗೆ ಎಂಐಎಸ್ ಎಂದು ಬರೆದದ್ದೆಲ್ಲ ಆ ದಿನದಿಂದ ತಪ್ಪಾಗುತ್ತದೆ. ಗುಂಪಿನ ಕೋಡ್‌ಗಳಲ್ಲೂ ಹೀಗೇ. ಐಎಸ್‌ಒ 639-2ರಲ್ಲಿ ತುಳುವಿಗೆ ಸ್ವಂತ ಕೋಡ್ ಇಲ್ಲ. ಅದು ‘ದ್ರಾವಿಡ ಭಾಷೆಗಳು’ ಎಂಬ ಡಿಆರ್‌ಎ ಗುಂಪಿಗೆ ಸೇರುತ್ತದೆ. 2007ರ ಐಎಸ್‌ಒ 639-3ರಲ್ಲಿ ತುಳುವಿಗೆ ಟಿಸಿವೈ ಇದೆ. ಹಾಗೆಂದು ಹಳೆಯ ಡಿಆರ್‌ಎ ದಾಖಲೆಗಳನ್ನೆಲ್ಲ ಒಂದೇ ಏಟಿಗೆ ಟಿಸಿವೈ ಮಾಡುವಂತಿಲ್ಲ, ಅದೇ ಗುಂಪಿನಲ್ಲಿ ಬೇರೆ ಭಾಷೆಗಳೂ ಇವೆ. ಪಕ್ಕದಲ್ಲಿ ಎಲ್ಲಾದರೂ ‘ತುಳು’ ಎಂದು ಅಕ್ಷರದಲ್ಲಿ ಬರೆದಿಟ್ಟಿದ್ದರೆ ಆ ಕೆಲಸ ಐದು ನಿಮಿಷದ್ದು. ಹಾಗಾಗಿ ಎಂಐಎಸ್ ಅಥವಾ ಗುಂಪಿನ ಕೋಡ್ ಬಳಸಿದಾಗ ಭಾಷೆಯ ಹೆಸರನ್ನೂ ಇನ್ನೊಂದು ಫೀಲ್ಡಿನಲ್ಲಿ ಬರೆಯಲೇಬೇಕು.

ಇಂಟರ್ನೆಟ್ ಮಾನಕಗಳಲ್ಲಿ ಬಳಕೆಯಾಗುವುದು ಬಿಸಿಪಿ 47 ಎಂಬ ನಿಯಮಾವಳಿ; ಭಾಷೆಯ ಕೋಡ್, ಅದಕ್ಕೆ ಸೇರಿಸುವ ಲಿಪಿ ಮುಂತಾದವನ್ನು ಒಟ್ಟಾಗಿ ಅದು ಟ್ಯಾಗ್ ಎನ್ನುತ್ತದೆ. ಅದರ ಈಗಿನ ಮುಖ್ಯ ದಾಖಲೆ 2009ರ ಆರ್‌ಎಫ್‌ಸಿ 5646. ಈ ನಾಲ್ಕೂ ಕೋಡ್‌ಗಳನ್ನು ಅದು ಒಪ್ಪುತ್ತದೆ, ಜೊತೆಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಟ್ಯಾಗ್ ಕಡ್ಡಾಯವಾಗಿದ್ದು ಭಾಷೆ ಗೊತ್ತಿಲ್ಲದಿದ್ದರೆ ಮಾತ್ರ ಯುಎನ್‌ಡಿ. ಕಡ್ಡಾಯವಲ್ಲದಿದ್ದರೆ ಟ್ಯಾಗನ್ನೇ ಬಿಡುವುದು ಮೇಲು. ಹಲವು ಟ್ಯಾಗ್ ಬರೆಯಲು ಜಾಗವಿರುವಲ್ಲಿ ಎಂಯುಎಲ್ ಬೇಡ, ಒಂದೊಂದು ಭಾಷೆಯನ್ನೂ ಹೆಸರಿಸಿ. ಭಾಷೆ ಗೊತ್ತಿಲ್ಲ, ಲಿಪಿ ಗೊತ್ತು ಎನ್ನುವಾಗ ಯುಎನ್‌ಡಿಯ ಮುಂದೆ ಅಡ್ಡಗೆರೆ ಹಾಕಿ ಲಿಪಿಯ ನಾಲ್ಕಕ್ಷರದ ಕೋಡ್ ಸೇರಿಸಬಹುದು. ಈ ಸೌಲಭ್ಯವನ್ನು ಬಳಸುವವರು ಕಡಿಮೆ. ಆದರೆ ‘ಕನ್ನಡ ಲಿಪಿಯಲ್ಲಿದೆ, ಭಾಷೆ ಕನ್ನಡವೋ ತುಳುವೋ ಕೊಂಕಣಿಯೋ ಗೊತ್ತಿಲ್ಲ’ ಎಂಬುದನ್ನು ಸುಳ್ಳಿಲ್ಲದೆ ಹೇಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸರಿಯಾದ ಫಾಂಟ್ ಆರಿಸಿಕೊಳ್ಳಲು ಅಷ್ಟು ಮಾಹಿತಿ ಸಾಕು.

ಖಾಲಿ ಎಂದರೆ ಒಂದೊಂದು ಕಡೆ ಒಂದೊಂದು ಅರ್ಥ

ದಾಖಲೆಯ ಭಾಗಗಳನ್ನು ಒಂದರೊಳಗೊಂದು ಇಟ್ಟು ಬರೆಯುವ ಎಕ್ಸ್‌ಎಂಎಲ್‌ನಲ್ಲಿ ಒಂದು ಅಂಶಕ್ಕೆ (ಭಾಗಕ್ಕೆ) ಭಾಷೆಯ ಗುಣವನ್ನು (ಆಟ್ರಿಬ್ಯೂಟ್) ಬರೆಯದೇ ಇದ್ದರೆ ಆ ಅಂಶಕ್ಕೆ ತನ್ನ ಹೊರಗಿನ ಅಂಶದ ಭಾಷೆಯೇ ಬರುತ್ತದೆ. ಇಡೀ ದಾಖಲೆಗೆ ಇಎನ್ ಎಂದಿದ್ದು ಒಳಗಿನ ಶೀರ್ಷಿಕೆಗೆ ಏನೂ ಬರೆಯದಿದ್ದರೆ ಶೀರ್ಷಿಕೆಯೂ ಇಂಗ್ಲಿಷ್ ಆಯಿತು. ಅದನ್ನು ತಡೆಯಲು ಆ ಗುಣವನ್ನು ಬರೆದು ಉದ್ಧರಣ ಚಿಹ್ನೆಗಳ ನಡುವೆ ಖಾಲಿ ಬಿಡಬೇಕು. ಮೇಲಿನಿಂದ ಬಂದ ಭಾಷೆ ಅಲ್ಲಿಗೆ ನಿಲ್ಲುತ್ತದೆ. ವೆಬ್ ಪುಟಗಳ ಎಚ್‌ಟಿಎಂಎಲ್‌ನಲ್ಲೂ ಖಾಲಿ ಬೆಲೆಗೆ (ವ್ಯಾಲ್ಯೂಗೆ) ‘ಭಾಷೆ ಗೊತ್ತಿಲ್ಲ’ ಎಂದೇ ಅರ್ಥ. ಬರೆಯದಿರುವುದು ಮತ್ತು ಖಾಲಿ ಬರೆಯುವುದು ಎರಡೂ ಒಂದೇ ಎಂದುಕೊಂಡು ಖಾಲಿ ಗುಣಗಳನ್ನು ‘ಕಸ’ ಎಂದು ಅಳಿಸುವ ಸ್ಕ್ರಿಪ್ಟ್‌ಗಳಿವೆ. ಅವು ಅಳಿಸುವುದು ಕಸವನ್ನಲ್ಲ, ಅರ್ಥವನ್ನು.

ವೆಬ್‌ನಲ್ಲಿ ಮಾಹಿತಿಯನ್ನು ಒಂದಕ್ಕೊಂದು ಜೋಡಿಸುವ ಆರ್‌ಡಿಎಫ್‌ನಲ್ಲಿ ಇದಕ್ಕೆ ವಿರುದ್ಧ: ಭಾಷೆಯ ಟ್ಯಾಗ್ ಖಾಲಿ ಇರುವಂತೆಯೇ ಇಲ್ಲ. ಭಾಷೆ ಗೊತ್ತಿಲ್ಲದಿದ್ದರೆ ಟ್ಯಾಗಿಲ್ಲದ ಬರೀ ಪಠ್ಯವಾಗಿ ಬರೆಯಬೇಕು. ಅದನ್ನೇ ಬರೆಯುವ ಒಂದು ರೂಪವಾದ ಜೆಸನ್-ಎಲ್‌ಡಿಯಲ್ಲಿ ಸಂದರ್ಭ ಭಾಗದಲ್ಲಿ ಡಿಫಾಲ್ಟ್ (ಏನೂ ಹೇಳದಿದ್ದಾಗ ತಾನಾಗಿ ಬರುವ) ಭಾಷೆ ಕೊಟ್ಟಿದ್ದರೆ ಅದು ಟ್ಯಾಗಿಲ್ಲದ ಪ್ರತಿ ಪಠ್ಯಕ್ಕೂ ಅಂಟಿಕೊಳ್ಳುತ್ತದೆ. ಅಂಟಬಾರದ ಪದಗಳ ಭಾಷೆಯನ್ನು ನಲ್ (ಬೆಲೆಯೇ ಇಲ್ಲ) ಎಂದು ಸ್ಪಷ್ಟವಾಗಿ ಘೋಷಿಸಬೇಕು.

ಗ್ರಂಥಾಲಯಗಳ ಪುಸ್ತಕ ದಾಖಲೆಯ ಮಾನಕ ಮಾರ್ಕ್ 21 ಈ ವಿಷಯದಲ್ಲಿ ಅಚ್ಚುಕಟ್ಟು. 008 ಫೀಲ್ಡಿನ 35ರಿಂದ 37ನೆಯ ಸ್ಥಾನಗಳಲ್ಲಿ ಮೂರು ಖಾಲಿ ಜಾಗವಿದ್ದರೆ ‘ಮಾಹಿತಿ ಕೊಟ್ಟಿಲ್ಲ’, ಯುಎನ್‌ಡಿ ಇದ್ದರೆ ‘ನಿರ್ಧಾರವಾಗಿಲ್ಲ’. ಮೊದಲನೆಯದನ್ನು ಯಾರೂ ನೋಡಿಲ್ಲ, ಎರಡನೆಯದನ್ನು ನೋಡಿಯೂ ಗೊತ್ತಾಗಿಲ್ಲ. ಮುಂದೆ ಯಾರಾದರೂ ಸರಿಪಡಿಸಲು ಕೂತರೆ ಯಾವ ರಾಶಿಯಿಂದ ಶುರು ಮಾಡಬೇಕೆಂದು ಈ ವ್ಯತ್ಯಾಸವೇ ಹೇಳುತ್ತದೆ. ಆರೋಗ್ಯ ದಾಖಲೆಗಳ ವಿನಿಮಯ ಮಾನಕ ಎಫ್‌ಎಚ್‌ಐಆರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಹಿತಿ ಏಕಿಲ್ಲ ಎಂಬುದಕ್ಕೇ ಕೋಡ್‌ಗಳನ್ನು ಇಟ್ಟಿದೆ: ಕೇಳಿಲ್ಲ, ಕೇಳಿದರೂ ತಿಳಿಯಲಿಲ್ಲ, ಹೇಳಲು ಒಪ್ಪಲಿಲ್ಲ, ಇದಕ್ಕೆ ಅನ್ವಯಿಸುವುದಿಲ್ಲ. ರೋಗಿಗೆ ದುಭಾಷಿ ಬೇಕೇ ಎಂಬ ತೀರ್ಮಾನ ಇದರ ಮೇಲೆ ನಿಂತಿರುವಾಗ ಇವನ್ನೆಲ್ಲ ಕುಗ್ಗಿಸಿ ಒಂದೇ ಯುಎನ್‌ಡಿ ಮಾಡುವುದು ದೊಡ್ಡ ನಷ್ಟ.

ಇಪಬ್ ರೂಪದ ಇ-ಪುಸ್ತಕಗಳಲ್ಲಿ ಭಾಷೆಯ ಫೀಲ್ಡ್ ಕಡ್ಡಾಯ. ಅಲ್ಲಿ ಪರಿಶೀಲನೆ ದಾಟಿಸಲಿಕ್ಕೆಂದು ಇಎನ್ ತುಂಬಬಾರದು. ಯುಎನ್‌ಡಿ ಇರುವುದೇ ಇಂಥ ಜಾಗಕ್ಕೆ.

ಹೆಚ್ಚು ಹಾನಿಯಾಗುವುದು ಆಡಿಯೊ-ವೀಡಿಯೊ ಫೈಲುಗಳಲ್ಲಿ. ವೀಡಿಯೊ, ಆಡಿಯೊ, ಸಬ್‌ಟೈಟಲ್ ಟ್ರ್ಯಾಕ್‌ಗಳನ್ನು ಒಂದೇ ಫೈಲಿನಲ್ಲಿಡುವ ಮ್ಯಾಟ್ರೋಸ್ಕಾ ಮಾನಕದಲ್ಲಿ ಟ್ರ್ಯಾಕಿನ ಭಾಷೆಯ ಅಂಶವನ್ನು ಬರೆಯದಿದ್ದರೆ ಅದರ ಡಿಫಾಲ್ಟ್ ಬೆಲೆ ಇಎನ್‌ಜಿ, ಅಂದರೆ ಇಂಗ್ಲಿಷ್. ಡಿಫಾಲ್ಟಿಗೆ ಸಮನಾದ ಬೆಲೆಯನ್ನು ಫೈಲಿನಲ್ಲಿ ಬರೆಯದೇ ಬಿಡಲು ಅವಕಾಶವಿರುವುದರಿಂದ, ‘ಇದು ಇಂಗ್ಲಿಷ್’ ಎಂದು ಹೇಳಿದ ಫೈಲೂ ‘ಏನೂ ಹೇಳಿಲ್ಲ’ ಎಂಬ ಫೈಲೂ ಬೈಟ್ ಬೈಟಿಗೂ ಒಂದೇ ಆಗಿರಬಹುದು. ಓದುವವರಿಗೆ ಗುರುತಿಸಲು ಯಾವ ಸುಳಿವೂ ಇರುವುದಿಲ್ಲ. ಆದ್ದರಿಂದ ಮ್ಯಾಟ್ರೋಸ್ಕಾ ಬರೆಯುವ ಪ್ರೋಗ್ರಾಂ ಭಾಷೆ ಗೊತ್ತಿಲ್ಲದಾಗ ಯುಎನ್‌ಡಿ ಎಂದು ಎದ್ದು ಕಾಣುವಂತೆ ಬರೆಯಲೇಬೇಕು. ಇಲ್ಲಿ ‘ಬಿಟ್ಟುಬಿಡಿ’ ಎಂಬ ಬಿಸಿಪಿ 47ರ ಸಲಹೆ ನಡೆಯುವುದಿಲ್ಲ.

ಎಂಪಿ4ರ ಕಥೆ ಬೇರೆ. ಅಲ್ಲಿ ಭಾಷೆಗೆ ಕೊಟ್ಟಿರುವುದು 16 ಬಿಟ್ ಮಾತ್ರ: ಮೊದಲ ಬಿಟ್ ಸೊನ್ನೆ, ಉಳಿದ 15ರಲ್ಲಿ ಮೂರು ಅಕ್ಷರಕ್ಕೆ ಐದೈದು ಬಿಟ್. ಸಣ್ಣಕ್ಷರದ ಆಸ್ಕಿ ಸಂಖ್ಯೆಯಿಂದ (ಕಂಪ್ಯೂಟರಿನಲ್ಲಿ ಅಕ್ಷರಕ್ಕಿರುವ ಸಂಖ್ಯೆ) 96 ಕಳೆದರೆ ಬರುವ ಬೆಲೆಯನ್ನು ಇಡಬೇಕು. ಯುಎನ್‌ಡಿಯ ಮೂರು ಅಕ್ಷರಗಳು ಹೀಗೆ 21, 14 ಮತ್ತು 4 ಆಗುತ್ತವೆ. ಬಿಟ್‌ಗಳಲ್ಲಿ 10101, 01110, 00100. 21ನ್ನು 1,024ರಿಂದ, 14ನ್ನು 32ರಿಂದ ಗುಣಿಸಿ ಕೊನೆಗೆ 4 ಕೂಡಿಸಿದರೆ 21,956. ಕನ್ನಡದ ಕೆಎಎನ್ 11, 1, 14 ಆಗಿ 11,310 ಬರುತ್ತದೆ. ಫೈಲನ್ನು ಬಿಚ್ಚಿ ನೋಡುವಾಗ ಈ ಎರಡು ಸಂಖ್ಯೆ ನೆನಪಿದ್ದರೆ ಅನುಕೂಲ. ಐದು ಬಿಟ್‌ನ ಈ ಇಕ್ಕಟ್ಟಿನಲ್ಲಿ ಎರಡಕ್ಷರದ ಕೋಡೂ ಹಿಡಿಸುವುದಿಲ್ಲ, ಲಿಪಿ ಸೇರಿದ ಉದ್ದನೆಯ ಟ್ಯಾಗೂ ಹಿಡಿಸುವುದಿಲ್ಲ. ಉದ್ದದ ಟ್ಯಾಗಿಗೆ ಬೇರೆಯೇ ಒಂದು ಬಾಕ್ಸ್ ಇದೆ.

ಆ 16 ಬಿಟ್‌ಗಳನ್ನು ತುಂಬದೇ ಸೊನ್ನೆಯಾಗಿ ಬಿಟ್ಟರೆ? ಎಂಪಿ4 ಹುಟ್ಟಿಬಂದದ್ದು ಆಪಲ್‌ನ ಕ್ವಿಕ್‌ಟೈಮ್ ಫೈಲ್ ರೂಪದಿಂದ. ಕ್ವಿಕ್‌ಟೈಮಿನಲ್ಲಿ 1,024ಕ್ಕಿಂತ ಕಡಿಮೆಯ ಬೆಲೆಗಳು ಹಳೆಯ ಮ್ಯಾಕಿಂತೋಷ್ ಭಾಷಾ ಸಂಖ್ಯೆಗಳು, ಅವುಗಳಲ್ಲಿ ಸೊನ್ನೆ ಎಂದರೆ ಇಂಗ್ಲಿಷ್. ‘ಹೇಳಿಲ್ಲ’ ಎನ್ನಲು ಅಲ್ಲಿ 32,767 ಬರೆಯಬೇಕು. ಮೆಮೊರಿಯನ್ನು ಸೊನ್ನೆಯಿಂದ ತುಂಬಿ ಶುರುಮಾಡುವ ಸಾಮಾನ್ಯ ಅಭ್ಯಾಸವೇ ಇಲ್ಲಿ ಗೊತ್ತಿಲ್ಲದ ಭಾಷೆಯನ್ನು ಇಂಗ್ಲಿಷ್ ಮಾಡಿಬಿಡುತ್ತದೆ.

ಎಂಪಿ3 ಹಾಡಿನ ವಿವರ ಬರೆಯುವ ಐಡಿ3ಯ ಆವೃತ್ತಿ 2.4ರಲ್ಲಿ ಭಾಷೆ ಗೊತ್ತಿಲ್ಲದಿದ್ದರೆ ಎಕ್ಸ್ ಅಕ್ಷರವನ್ನು ಮೂರು ಸಲ ಬರೆಯಬೇಕು ಎಂದಿದೆ. ಇದು ಐಎಸ್‌ಒ ಪಟ್ಟಿಯ ಕೋಡ್ ಅಲ್ಲ. ಹೊರಗೆ ಕಳಿಸುವಾಗ ಯುಎನ್‌ಡಿಗೆ ಬದಲಾಯಿಸಿ.

ಗುರುತಿಗೆ ಸಿಗದ ಕೋಡ್ ಬಂದಾಗ

ಖಾಲಿಯಲ್ಲದ, ಆದರೆ ಗುರುತಿಗೂ ಸಿಗದ ಬೆಲೆಗಳು ಇನ್ನೊಂದು ಬಗೆ. ಬಿಸಿಪಿ 47ರಲ್ಲಿ ಎರಡು ಮಟ್ಟದ ಸರಿತನವಿದೆ. ಟ್ಯಾಗಿನ ಆಕಾರ ವ್ಯಾಕರಣಕ್ಕೆ ಹೊಂದಿದರೆ ಅದು ರೂಪಬದ್ಧ; ಅದರ ತುಂಡುಗಳೆಲ್ಲ ಇಂಟರ್ನೆಟ್ ಕೋಡ್‌ಗಳನ್ನು ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆ ಇಟ್ಟಿರುವ ನೋಂದಣಿ ಪಟ್ಟಿಯಲ್ಲಿದ್ದರೆ ಮಾತ್ರ ಅದು ಸಿಂಧು. ಮೊದಲ ತುಂಡಿಗೆ ಎರಡರಿಂದ ಎಂಟು ಅಕ್ಷರಗಳವರೆಗೆ ವ್ಯಾಕರಣ ಅವಕಾಶ ಕೊಡುತ್ತದೆ. ರೋಮನ್ ಲಿಪಿಯಲ್ಲಿ ‘ಕನ್ನಡ’ ಎಂದು ಬರೆದರೆ ಏಳು ಅಕ್ಷರ, ಆಕಾರ ಮಾತ್ರ ನೋಡುವ ವ್ಯಾಲಿಡೇಟರ್ (ಪರೀಕ್ಷಕ ಪ್ರೋಗ್ರಾಂ) ಅದನ್ನು ಒಳಗೆ ಬಿಡುತ್ತದೆ. ‘ಅನ್‌ನೋನ್’ ಕೂಡ ಏಳೇ ಅಕ್ಷರ, ಅದೂ ದಾಟುತ್ತದೆ. ‘ನಲ್’ ನಾಲ್ಕಕ್ಷರ, ಬಿಸಿಪಿ 47ರ ವ್ಯಾಕರಣದಂತೆ ಅದಕ್ಕೂ ತಡೆಯಿಲ್ಲ. ಜಾವಾಸ್ಕ್ರಿಪ್ಟ್ ಬೆಲೆಯಿಲ್ಲದ ಫೀಲ್ಡನ್ನು ಪಠ್ಯಕ್ಕೆ ಇಳಿಸಿದಾಗ ಬರುವ ‘ಅನ್‌ಡಿಫೈನ್ಡ್’ ಪದಕ್ಕೆ ಒಂಬತ್ತು ಅಕ್ಷರ, ಅದೊಂದು ಸಿಕ್ಕಿಬೀಳುತ್ತದೆ. ಆಕಾರದ ಪರೀಕ್ಷೆಯನ್ನೇ ನಂಬಿದರೆ ಇಷ್ಟೇ ರಕ್ಷಣೆ. ನೋಂದಣಿ ಪಟ್ಟಿ ಸಾದಾ ಪಠ್ಯದ ಒಂದು ಫೈಲು, ಮೊದಲ ಸಾಲಿನಲ್ಲಿ ಅದರ ದಿನಾಂಕವಿರುತ್ತದೆ. ಅದನ್ನು ಇಳಿಸಿಕೊಂಡು ಹೋಲಿಸುವುದು ಕಷ್ಟದ ಕೆಲಸವಲ್ಲ.

ಒಳಬರುವ ಬೆಲೆಯನ್ನು ಈ ಕ್ರಮದಲ್ಲಿ ನೋಡಿದರೆ ಕೈತಪ್ಪುವುದು ಕಡಿಮೆ. ಮೊದಲು ಬಂದದ್ದನ್ನು ಬಂದ ಹಾಗೇ ಒಂದು ಕಾಲಮ್ಮಿನಲ್ಲಿ ಉಳಿಸಿ, ಅದನ್ನು ಎಂದೂ ತಿದ್ದಬೇಡಿ. ಮುಂದಿನದೆಲ್ಲ ಅದರ ನಕಲಿನ ಮೇಲೆ. ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸಿ, ಅಡಿಗೆರೆಯನ್ನು ಅಡ್ಡಗೆರೆ ಮಾಡಿ. ಅಕ್ಷರಗಳನ್ನು ಸಣ್ಣದಾಗಿಸಿ, ಆದರೆ ಯಂತ್ರದ ಸ್ಥಳೀಯ ಭಾಷೆಯ ನಿಯಮದಿಂದಲ್ಲ: ಟರ್ಕಿಶ್ ಸೆಟ್ಟಿಂಗ್ ಇರುವ ಯಂತ್ರದಲ್ಲಿ ದೊಡ್ಡ ಐ ಸಣ್ಣದಾದಾಗ ಚುಕ್ಕೆಯಿಲ್ಲದ ಬೇರೆಯೇ ಅಕ್ಷರವಾಗುತ್ತದೆ, ಇಂಡೊನೇಷ್ಯನ್ನಿನ ಐಡಿ ಗುರುತೇ ಸಿಗದಂತಾಗುತ್ತದೆ. ಆಮೇಲೆ ಭಾಷೆಯ ಪೂರ್ತಿ ಹೆಸರುಗಳಿಗೆ ಕೈಯಿಂದ ಮಾಡಿದ ಪಟ್ಟಿಯ ನೆರವಿನಿಂದ ಕೋಡ್ ಕೊಡಿ. ಎರಡಕ್ಷರದ ಕೋಡ್ ಇರುವ ಭಾಷೆಗೆ ಬಿಸಿಪಿ 47ರಲ್ಲಿ ಅದೇ ಸಿಂಧು, ಆದ್ದರಿಂದ ಕೆಎಎನ್ ಬಂದರೆ ಕೆಎನ್ ಮಾಡಬೇಕು. ಐಎಸ್‌ಒ 639-2ರಲ್ಲಿ 20 ಭಾಷೆಗಳಿಗೆ ಎರಡೆರಡು ಮೂರಕ್ಷರದ ಕೋಡ್‌ಗಳಿವೆ ಎಂಬುದೂ ನೆನಪಿರಲಿ. ಜರ್ಮನ್‌ಗೆ ಗ್ರಂಥಾಲಯಗಳು ಜಿಇಆರ್ ಬರೆದರೆ ಎಂಪಿ4 ಡಿಇಯು ಬರೆಯುತ್ತದೆ. ಎರಡೂ ಒಂದೇ ಭಾಷೆ. ಕೊನೆಗೆ ಹಳೆಯ ಕೋಡ್‌ಗಳು. ಹೀಬ್ರೂವಿಗೆ ಐಡಬ್ಲ್ಯೂ, ಇಂಡೊನೇಷ್ಯನ್‌ಗೆ ಐಎನ್, ಯಿಡ್ಡಿಶ್‌ಗೆ ಜೆಐ 1989ರಲ್ಲೇ ಕೈಬಿಟ್ಟವು, ಆದರೂ ಜಾವಾ ಪ್ರೋಗ್ರಾಮಿಂಗ್ ಭಾಷೆ 17ನೆಯ ಆವೃತ್ತಿ ಬರುವವರೆಗೆ ಅವನ್ನೇ ಬಳಸುತ್ತಿತ್ತು. ಹಾಗಾಗಿ ಇಂದಿಗೂ ಬರುತ್ತವೆ. ನೋಂದಣಿ ಪಟ್ಟಿಯಲ್ಲಿ ಇಂಥವುಗಳ ಮುಂದೆ ಬದಲಿ ಕೋಡ್ ಕೊಟ್ಟಿರುತ್ತಾರೆ.

ಇಷ್ಟಾದರೂ ಸಿಗದಿದ್ದರೆ ಯುಎನ್‌ಡಿ. ಇಡೀ ದಾಖಲೆಯನ್ನು ತಿರಸ್ಕರಿಸಬೇಡಿ. ಒಂದು ಫೀಲ್ಡಿನ ತಪ್ಪಿಗೆ ಶೀರ್ಷಿಕೆ, ಲೇಖಕರು, ವರ್ಷ ಎಲ್ಲವೂ ಕಳೆದುಹೋಗುವುದು ಅನ್ಯಾಯ. ಎಚ್ಚರಿಕೆ ಬರೆದಿಟ್ಟು ದಾಖಲೆಯನ್ನು ಒಳಗೆ ಬಿಡಿ. ಕ್ಯೂಎಎಯಂಥ ಖಾಸಗಿ ಕೋಡ್ ಒಪ್ಪಂದವಿಲ್ಲದ ಕಡೆಯಿಂದ ಬಂದರೆ ಅದರ ಅರ್ಥ ಊಹಿಸಬೇಡಿ. ಇಬ್ಬರು ಬೇರೆ ಬೇರೆ ಕಳುಹಿಸುಗರ ಕ್ಯೂಎಎ ಎರಡು ಬೇರೆ ಭಾಷೆಗಳಾಗಿರಬಹುದು. ಯಾರಿಂದ ಬಂದದ್ದು ಎಂಬುದನ್ನು ಜೊತೆಯಲ್ಲೇ ಉಳಿಸಬೇಕು.

ಕೋಡ್ ಸರಿಯಿದ್ದರೂ ಉಪಕರಣ ಕೆಡಿಸಿದಾಗ

ಸ್ಟ್ಯಾಂಡರ್ಡ್ ಸರಿಯಿದ್ದು ಉಪಕರಣ ಕೈಕೊಡುವುದೂ ಉಂಟು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಾಂಡಾಸ್ ಲೈಬ್ರರಿ, ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕಗಳ ಸಿಎಸ್‌ವಿ ಫೈಲ್ ಓದುವಾಗ ಕೆಲವು ಪಠ್ಯಗಳನ್ನು ‘ಬೆಲೆ ಇಲ್ಲ’ ಎಂದು ತಾನಾಗಿ ಬದಲಿಸುತ್ತದೆ. ಆ ಪಟ್ಟಿಯಲ್ಲಿ ಎನ್‌ಎಎನ್ ಇದೆ. ಎನ್‌ಎಎನ್ ಎಂಬುದು ಮಿನ್ ನಾನ್ ಚೀನೀ ಭಾಷೆಯ ಕೋಡ್ ಕೂಡ ಹೌದು. ಸರಿಯಾಗಿ ಟ್ಯಾಗ್ ಮಾಡಿದ ಆ ಭಾಷೆಯ ಸಾಲುಗಳೆಲ್ಲ ಯಾವ ದೋಷಸಂದೇಶವೂ ಇಲ್ಲದೆ ಭಾಷೆ ಕಳೆದುಕೊಳ್ಳುತ್ತವೆ. ಓದುವಾಗ ಆ ಡಿಫಾಲ್ಟ್ ಪಟ್ಟಿಯನ್ನು ಆಫ್ ಮಾಡಿ, ಖಾಲಿಯನ್ನು ಮಾತ್ರ ಖಾಲಿ ಎಂದು ಎಣಿಸುವಂತೆ ಹೇಳಬೇಕು. ಸೆಟ್ಟಿಂಗ್ ಫೈಲುಗಳಲ್ಲಿ ಬಳಸುವ ಯಾಮಲ್ 1.1ರಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ನಾರ್ವೇಜಿಯನ್ನಿನ ಎನ್‌ಒ ಬರೆದರೆ ಅದು ಇಂಗ್ಲಿಷಿನ ‘ನೋ’ ಎಂದಾಗಿ, ‘ಸುಳ್ಳು’ ಎಂಬ ಬೂಲಿಯನ್ (ನಿಜ-ಸುಳ್ಳಿನ) ಬೆಲೆಯಾಗುತ್ತದೆ. ಒರಾಕಲ್ ಡೇಟಾಬೇಸಿನಲ್ಲಿ ಖಾಲಿ ಪಠ್ಯವೂ ನಲ್ಲೂ ಒಂದೇ. ಎಕ್ಸ್‌ಎಂಎಲ್‌ನಿಂದ ಎಚ್ಚರವಹಿಸಿ ತಂದ ‘ಖಾಲಿ’ ಮತ್ತು ‘ಬರೆದಿಲ್ಲ’ ಎಂಬ ವ್ಯತ್ಯಾಸ ಅಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಕೋಡ್ ಏಕಿಲ್ಲ ಎಂಬ ಕಾರಣಕ್ಕೆಂದು ಬೇರೆ ಕಾಲಮ್ ಇಡುವುದು ಒಳ್ಳೆಯದು.

ಎಲ್ಲಕ್ಕಿಂತ ಗಮನಿಸಬೇಕಾದದ್ದು ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ (ಭಾಷೆ-ಪ್ರದೇಶಗಳ ರೂಢಿಗಳ) ಡೇಟಾದಲ್ಲಿರುವ ‘ಸಂಭಾವ್ಯ ಸಬ್‌ಟ್ಯಾಗ್’ ಪಟ್ಟಿ. ಅಪೂರ್ಣ ಟ್ಯಾಗನ್ನು ಪೂರ್ಣ ಮಾಡುವುದು ಅದರ ಕೆಲಸ. ಬರೀ ಯುಎನ್‌ಡಿ ಕೊಟ್ಟರೆ ಅದು ಕೊಡುವ ಉತ್ತರ ಇಂಗ್ಲಿಷ್, ಲ್ಯಾಟಿನ್ ಲಿಪಿ, ಅಮೆರಿಕ. ಯುಎನ್‌ಡಿಗೆ ಕನ್ನಡ ಲಿಪಿ ಸೇರಿಸಿ ಕೊಟ್ಟರೆ ಕನ್ನಡ, ಭಾರತ ಎನ್ನುತ್ತದೆ. ದಿನಾಂಕದ ರೂಪ ಆರಿಸುವಂಥ ಕೆಲಸಕ್ಕೆ ಏನಾದರೊಂದು ಬೇಕೇ ಬೇಕು, ಅಲ್ಲಿ ಈ ಊಹೆ ಸರಿ. ಆದರೆ ಬ್ರೌಸರಿನ ಲೊಕೇಲ್ ವಸ್ತುವನ್ನು (ಭಾಷೆ-ಪ್ರದೇಶದ ಆಯ್ಕೆ) ಈ ಪಟ್ಟಿಯಿಂದ ಹಿಗ್ಗಿಸಿ ಬಂದ ಉತ್ತರವನ್ನು ಡೇಟಾಬೇಸಿಗೆ ಬರೆದರೆ ಗೊತ್ತಿಲ್ಲದ್ದೆಲ್ಲ ಇಂಗ್ಲಿಷ್ ಆಯಿತು, ಕನ್ನಡ ಲಿಪಿಯ ತುಳುವೆಲ್ಲ ಕನ್ನಡವಾಯಿತು. ತೋರಿಸಲು ಮಾಡಿದ ಊಹೆ ಉಳಿಸುವ ಫೀಲ್ಡಿಗೆ ಇಳಿಯಬಾರದು.

ಯಂತ್ರದಿಂದ ಭಾಷೆ ಪತ್ತೆಹಚ್ಚುವುದಕ್ಕೂ ಇದೇ ಮಾತು. ಒಂದೆರಡು ಪ್ಯಾರಾ ಪಠ್ಯವಿದ್ದರೆ ಪತ್ತೆ ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತದೆ. ‘ಭೂಗೋಳ’ ಎಂಬ ಒಂದೇ ಪದದ ಶೀರ್ಷಿಕೆ ಕನ್ನಡವೋ ತುಳುವೋ ಹೇಳಲು ಯಾರಿಗೂ ಆಗದು. ಯಂತ್ರ ಮಾತ್ರ ಏನಾದರೊಂದು ಹೇಳಿಯೇ ಹೇಳುತ್ತದೆ. ಪತ್ತೆಯಾದದ್ದನ್ನು ಬೇರೆ ಫೀಲ್ಡಿನಲ್ಲಿ, ವಿಶ್ವಾಸದ ಅಂಕ ಮತ್ತು ಉಪಕರಣದ ಆವೃತ್ತಿಯೊಂದಿಗೆ ಇಡಿ. ಮನುಷ್ಯರು ಬರೆದ ಕೋಡ್ ಇದ್ದರೆ ಅದನ್ನು ಯಂತ್ರದ ಉತ್ತರ ಎಂದೂ ಅಳಿಸಬಾರದು.

ಓದುಗರಿಗೆ ತೋರಿಸುವಾಗ ಒಂದು ಎಚ್ಚರ. ಭಾಷೆಯಿಂದ ಸೋಸಿದಾಗ ಯುಎನ್‌ಡಿ ದಾಖಲೆಗಳು ಯಾವ ಭಾಷೆಗೂ ಸೇರದೆ ಕಣ್ಮರೆಯಾಗುತ್ತವೆ. ಭಾಷೆಗಳ ಪಟ್ಟಿಯ ಕೊನೆಯಲ್ಲಿ ‘ಭಾಷೆ ಗುರುತಿಸಿಲ್ಲ’ ಎಂಬ ಆಯ್ಕೆಯಿದ್ದರೆ ಅವು ಸಿಗುತ್ತವೆ, ಭಾಷೆ ಬಲ್ಲ ಓದುಗರು ಸರಿಪಡಿಸಲೂಬಹುದು.

ಡೇಟಾ ಕೈ ಬದಲಾಯಿಸುವ ಪ್ರತಿ ಹಂತದಲ್ಲೂ ಒಂದು ಎಣಿಕೆ ಮಾಡಿ. ಯಾವ ಕೋಡಿಗೆ ಎಷ್ಟು ದಾಖಲೆ ಎಂಬ ಪಟ್ಟಿಯನ್ನು ಕಳಿಸುವ ಮುಂಚೆ ಒಮ್ಮೆ, ತಲುಪಿದ ಮೇಲೆ ಒಮ್ಮೆ ತೆಗೆದು ಅಕ್ಕಪಕ್ಕ ಇಡಿ. ಖಾಲಿ, ನಲ್, ಯುಎನ್‌ಡಿ, ಎಂಐಎಸ್, ಝಡ್‌ಎಕ್ಸ್‌ಎಕ್ಸ್ ಎಲ್ಲಕ್ಕೂ ಬೇರೆ ಬೇರೆ ಸಾಲು ಇರಲಿ. ಯುಎನ್‌ಡಿ ಇಳಿದಷ್ಟೇ ಇಎನ್ ಏರಿದ್ದರೆ ನಡುವೆ ಎಲ್ಲೋ ಒಂದು ಡಿಫಾಲ್ಟ್ ಕೆಲಸ ಮಾಡಿದೆ. ಖಾಲಿ ಸಾಲು ಏರಿ ಎನ್‌ಎಎನ್ ಸಾಲು, ಅಥವಾ ‘ಸುಳ್ಳು’ ಎಂಬ ಸಾಲು ಹುಟ್ಟಿ ಎನ್‌ಒ ಸಾಲು ಮಾಯವಾಗಿದ್ದರೆ ಫೈಲನ್ನು ಓದಿದ ಉಪಕರಣದ ಸೆಟ್ಟಿಂಗ್ ನೋಡಿ. ಎಂಐಎಸ್ ಏರಿದ್ದರೆ ಗುರುತಿಸದ ಕೋಡ್‌ಗಳಿಗೆ ಯಾರೋ ತಪ್ಪು ಹಣೆಪಟ್ಟಿ ಹಚ್ಚುತ್ತಿದ್ದಾರೆ. ತಿದ್ದದೆ ಉಳಿಸಿದ ಮೂಲ ಕಾಲಮ್ಮನ್ನು ಆಗ ತೆರೆದು ನೋಡಿದರೆ ಏನು ಬಂದಿತ್ತು ಎಂಬುದು ಅಲ್ಲೇ ಇರುತ್ತದೆ.